ನೀರು ಬಲಗಡೆ ಇತ್ತು

"ಉಸಿರು ಬಿಗಿಹಿಡೀರಿ ಮೇಡಂ. ಬರ್ತಾ ಇದೆ."

ಹೀಗೆ ಹೇಳಿದ ಡ್ರಾಯಿಂಗ್ ಮೇಷ್ಟ್ರು ತಾವೇ ಜೋರಾಗಿ ಸೀನಿದರು. ಜಿಗಣೆ ಅವರ ತೋಳು ಹಿಡಿದು ಗುಡ್ಡದ ಬದಿಯ ಬಂಡೆಯ ಮರೆಗೆ ಎಳೆದುಕೊಂಡಳು.

ಜಿಗಣೆ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹಿಡಿದ ಕೇಸನ್ನು ಬಿಡುವವಳಲ್ಲ ಎಂದು ಪೊಲೀಸ್ ಇಲಾಖೆಯವರು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು. ಎದುರಿಗೆ ಎಲ್ಲರೂ ಮೇಡಂ ಅನ್ನುವವರೇ. ಈಗ ಅವಳು ರಜೆ ಹಾಕಿ ಈ ಗುಡ್ಡದ ಮೇಲಿನ ಜಲಾಶಯಕ್ಕೆ ಬಂದಿದ್ದಳು. ಈ ಸಲ ಕಚ್ಚಿ ಹಿಡಿದದ್ದು ಅಕ್ಕನ ಗಂಡನ, ಸ್ವಂತ ಭಾವನ ಸಾವನ್ನು.

ಭಾವ ನೀರಿಗೆ ಬಿದ್ದು ಸತ್ತು, ಮಣ್ಣಾಗಿ, ತಿಂಗಳು ಕಳೆದಿತ್ತು. ಆದರೂ ಮಂಜು ಬಿದ್ದ ಬೆಳಗಿನಲ್ಲಿ ಅವರು ಸೈಕಲ್ ಹೊಡೆಯುವುದನ್ನು ನಿಲ್ಲಿಸಿಲ್ಲ ಎಂದು ಜಲಾಶಯದ ಸುತ್ತ ಓಡಾಡುವವರೆಲ್ಲ ಹೇಳುತ್ತಿದ್ದರು.

ಮೊದಲು ಒದ್ದೆ ಟಾರಿನ ಮೇಲೆ ಟೈರು ಉರುಳುವ ಸದ್ದು ಬಂತು. ಆಮೇಲೆ ಮಂಜಿನೊಳಗಿಂದ ಆ ಮಳೆಕೋಟು ಬಂತು. ಕಡು ಕಿತ್ತಳೆ ಬಣ್ಣ, ಹಣೆ ಮುಚ್ಚುವ ಹಾಗೆ ಎಳೆದ ಟೋಪಿ. ಮುಖವಿರಬೇಕಾದ ಕಡೆ ಟೋಪಿಯೊಳಗಿನ ಕತ್ತಲೆಯಷ್ಟೇ ಕಂಡಿತು.

ಜಿಗಣೆಗೆ ಹೆದರಿಕೆಯಾಯಿತು. ಕೊಳೆತ ಹೆಣದ ಪಕ್ಕದಲ್ಲಿ ಕೂತು ಟೀ ಕುಡಿದವಳು ಅವಳು. ಆದರೆ ಆ ಬೆನ್ನು, ಆ ಕೋಟು, ಸೀಟಿನ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿದ ಆ ರೀತಿ ಎಲ್ಲವೂ ಭಾವನದೇ ಆಗಿತ್ತು. ಬಾಯಿ ತೆರೆದು 'ಭಾವಾ' ಎಂದು ಕೂಗಬೇಕು ಅನ್ನಿಸಿತು. ಕೂಗಿದರೆ ಅದು ತಿರುಗಿ ನೋಡಿಬಿಟ್ಟರೆ ಏನು ಗತಿ ಎಂದು ಸುಮ್ಮನಾದಳು.

ಬಂಡೆ ದಾಟಿದ ಮೇಲೆ ರಸ್ತೆ ಏರು. ಅಲ್ಲಿ ಸೈಕಲ್ಲು ನಿಧಾನವಾಯಿತು. ಸವಾರ ಕೆಳಗಿಳಿದು ತಳ್ಳತೊಡಗಿದ. ಇಳಿದದ್ದು ನೀರಿನ ಕಡೆಗೆ.

"ದೆವ್ವಕ್ಕೂ ಏರು ಹತ್ತೋಕೆ ಸುಸ್ತಾಗುತ್ತಾ ಮೇಷ್ಟ್ರೇ?" ಎಂದು ಪಿಸುಗುಟ್ಟಿ ಜಿಗಣೆ ಓಡಿದಳು.

ಓಡಿದ್ದೇ ಬಂತು. ಕಾಲಡಿಯ ಪಾಚಿ ಜಾರಿ, ಮಂಡಿ ತರಚಿ, ರಸ್ತೆಯಲ್ಲಿ ಉದ್ದಕ್ಕೆ ಬಿದ್ದಳು. ತಲೆ ಎತ್ತಿದಾಗ ಏರಿನ ಮೇಲೆ ಮಂಜು ಬಿಟ್ಟರೆ ಏನೂ ಇರಲಿಲ್ಲ. ಟಾರಿನ ಮೇಲೆ ಒದ್ದೆ ಟೈರಿನ ಗೆರೆ ಇತ್ತು. ಬೆರಳಿಟ್ಟು ನೋಡಿದಳು. ದೆವ್ವದ ಟೈರಿಗೂ ಮಣ್ಣು ಮೆತ್ತಿಕೊಂಡಿತ್ತು.

ಅವಳ ಹೆದರಿಕೆ ಅರ್ಧ ಇಳಿಯಿತು. ಉಳಿದ ಅರ್ಧ ಯಾಕೆ ಇಳಿಯಲಿಲ್ಲ ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ.

*

ಮೇಷ್ಟ್ರು ಸಿಮೆಂಟ್ ಬೆಂಚಿನ ಮೇಲೆ ಕೂತು ಎದೆ ನೀವಿಕೊಳ್ಳುತ್ತಿದ್ದರು.

"ನೋಡಿದ್ರಲ್ಲ. ಇನ್ನು ನನ್ನನ್ನ ಹುಚ್ಚ ಅನ್ನಬೇಡಿ."

"ನಾನೆಲ್ಲಿ ಅಂದೆ?"

"ನೀವಲ್ಲ, ನನ್ನ ಹೆಂಡತಿ. ಆದ್ರೆ ಮೇಡಂ, ಆ ಬಣ್ಣ ಈ ಸುತ್ತಿನಲ್ಲಿ ಇನ್ನೊಬ್ಬರ ಹತ್ರ ಇಲ್ಲ. ಜನ ಕಿತ್ತಳೆ ಅಂತಾರೆ. ಅದು ಕಿತ್ತಳೆ ಅಲ್ಲ. ಕೆಂಪು ಒಂದು ತೊಟ್ಟು ಜಾಸ್ತಿ ಬಿದ್ದಿದೆ. ಜೀವಮಾನ ಪೂರ್ತಿ ಬಣ್ಣ ಕಲಸಿದ ಕೈ ಇದು, ನನಗೆ ಗೊತ್ತಾಗಲ್ವಾ?"

ಜಿಗಣೆ ಮಂಡಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತ ನೀರಿನ ಕಡೆ ನೋಡಿದಳು. ಏನೋ ಸರಿಯಿಲ್ಲ ಅನ್ನಿಸಿತ್ತು. ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ ಅದು ಹಲ್ಲಿಗೆ ಸಿಗುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ.

"ಮೇಷ್ಟ್ರೇ, ಸೈಕಲ್ಲು ಈ ಕಡೆಯಿಂದ ಯಾಕೆ ಬಂತು?"

"ದೆವ್ವ ಅಲ್ವಾ. ಅದರ ಪಾದಾನೇ ಹಿಂದುಮುಂದು ಅಂತಾರೆ. ದಾರಿ ಮಾತ್ರ ನೆಟ್ಟಗಿರುತ್ತಾ?"

ಈ ಜಲಾಶಯದ ಸುತ್ತ ಓಡಾಡುವುದಕ್ಕೆ ಒಂದು ಪದ್ಧತಿ ಉಂಟು. ಯಾವ ಬೋರ್ಡಿನಲ್ಲೂ ಬರೆದಿಲ್ಲ, ಯಾವ ಅಧಿಕಾರಿಯೂ ಹೊರಡಿಸಿದ್ದಲ್ಲ. ನಡೆಯುವವರು ನೀರನ್ನು ಬಲಗಡೆ ಇಟ್ಟುಕೊಂಡು ನಡೆಯಬೇಕು. ಸೈಕಲ್ಲಿನವರು ನೀರನ್ನು ಎಡಗಡೆ ಇಟ್ಟುಕೊಂಡು ಬರಬೇಕು. ಹಾಗಾಗಿ ಇಲ್ಲಿ ಸೈಕಲ್ಲು ಯಾವಾಗಲೂ ಎದುರಿಗೇ ಬರುತ್ತದೆ. ಎದುರಿಗೆ ಬಂದ ಸೈಕಲ್ಲು ನಮಸ್ಕಾರ ಹೇಳುತ್ತದೆ, ಹಿಂದಿನಿಂದ ಬಂದದ್ದು ಸೊಂಟ ಮುರಿಯುತ್ತದೆ ಎಂಬುದು ಇಲ್ಲಿನ ಹಳಬರ ಮಾತು. ರಸ್ತೆ ಕಿರಿದು, ತಿರುವು ಜಾಸ್ತಿ, ಮಂಜು ಬೇರೆ. ತಪ್ಪು ದಿಕ್ಕಿನಲ್ಲಿ ಹೊರಟ ಹೊಸಬನಿಗೆ ಸುತ್ತು ಮುಗಿಯುವುದರೊಳಗೆ ಹತ್ತು ಜನ ಬುದ್ಧಿ ಹೇಳಿರುತ್ತಾರೆ.

ಕೆಲವು ವರ್ಷ ಹೀಗೆ ಓಡಾಡಿದ ಮೇಲೆ ಅದು ತಲೆಯಲ್ಲಿ ಇರುವುದಿಲ್ಲ, ಕಾಲಿನಲ್ಲಿ ಇರುತ್ತದೆ.

ಭಾವನ ಕಾಲಿನಲ್ಲಂತೂ ಇತ್ತು. ಜಲಾಶಯದ ನೀರನ್ನು ಪರೀಕ್ಷೆಗೆ ಎತ್ತುವುದೇ ಅವರ ಕೆಲಸ. ಹಿಂದಿನ ಕ್ಯಾರಿಯರಿಗೆ ಬಾಟಲಿಗಳ ಪೆಟ್ಟಿಗೆ ಕಟ್ಟಿಕೊಂಡು, ಅಲ್ಲಲ್ಲಿ ನಿಂತು, ಹಗ್ಗದಲ್ಲಿ ಬಾಟಲಿ ಇಳಿಬಿಟ್ಟು, ನೀರು ತುಂಬಿಕೊಂಡು ಮುಂದಕ್ಕೆ ಹೋಗುತ್ತಿದ್ದರು. ಅಷ್ಟು ವರ್ಷ, ಪ್ರತಿದಿನ, ನೀರು ಎಡಗಡೆ.

ಈಗ ಹೋದ ಸವಾರನಿಗೆ ನೀರು ಬಲಗಡೆ ಇತ್ತು.

"ಮೇಷ್ಟ್ರೇ, ಆ ದಿನ ನೀವು ಭಾವನ್ನ ಕೊನೇ ಸಲ ನೋಡಿದ್ರಿ ಅಂತ ಹೇಳಿಕೆ ಕೊಟ್ಟಿದೀರಿ. ಮುಖ ನೋಡಿದ್ರಾ?"

"ಮುಖ ಎಲ್ಲಿ ಕಾಣುತ್ತೆ? ಹಿಂದಿನಿಂದ ಬಂದ್ರು, ಮುಂದೆ ಹೋದ್ರು. ಬೆನ್ನು ನೋಡಿದೆ."

"ಹಿಂದಿನಿಂದ ಬಂದ್ರಾ?"

"ಹೂಂ. ನಾನು ಬೆಚ್ಚಿಬಿದ್ದು ಪಕ್ಕಕ್ಕೆ ಹಾರಿದೆ. ಇದೇನಪ್ಪ, ಇವರೂ ಹೀಗೆ ಮಾಡಿದ್ರಲ್ಲ, ಬೆಲ್ ಆದ್ರೂ ಹೊಡೀಬಾರದಾ ಅಂತ ಬೈಕೊಂಡೆ ಕೂಡ." ಹೇಳುತ್ತ ಹೇಳುತ್ತ ಮೇಷ್ಟ್ರ ದನಿ ಇಳಿಯಿತು. ನಡೆಯುವವರಾದ ಅವರ ಬೆನ್ನ ಹಿಂದಿನಿಂದ ಸೈಕಲ್ಲು ಬಂದಿದ್ದರೆ, ಅದು ನಡೆಯುವವರ ದಿಕ್ಕಿನಲ್ಲೇ ಬಂದಿರಬೇಕು. ಈ ಲೆಕ್ಕ ಅವರಿಗೂ ಈಗಷ್ಟೇ ತಗುಲಿತ್ತು.

"ಪೊಲೀಸರಿಗೆ ಇದನ್ನ ಹೇಳಿದ್ರಾ?"

"ಯಾರು ಕೇಳಿದ್ರು ಮೇಡಂ? ನೋಡಿದ್ರಾ ಅಂದ್ರು. ನೋಡಿದೆ ಅಂದೆ. ಕೋಟು ನೋಡಿದೆ, ಸೈಕಲ್ ನೋಡಿದೆ. ಮನುಷ್ಯ ಸತ್ತಿದ್ದಾನೆ, ಅವನು ಯಾವ ದಿಕ್ಕಿಗೆ ಹೋದ ಅಂತ ದೂರು ಹೇಳ್ತಾ ಕೂರೋದಾ?"

ಬೆಳಗಿನ ನಡಿಗೆಯವರ ಮರ್ಯಾದೆ ಇದು. ಸತ್ತವನ ಮೇಲೆ ಚಾಡಿ ಹೇಳಬಾರದೆಂದು ಮೇಷ್ಟ್ರು ಬಾಯಿ ಮುಚ್ಚಿಕೊಂಡಿದ್ದರು. ಆ ಮರ್ಯಾದೆಯ ದೆಸೆಯಿಂದ ಒಬ್ಬ ನಿನ್ನೆಯಿಂದ ಲಾಕಪ್ಪಿನಲ್ಲಿ ಕೂತಿದ್ದ.

ನೀರೆತ್ತುವ ಗೋಪುರದ ಗೇಟು ತಿರುಗಿಸುವವನು ಅವನು. ಗೋಪುರದ ಕೆಳಗಿನ ನೀರಿನಲ್ಲಿ ಎಣ್ಣೆ ತೇಲುತ್ತಿದೆ ಎಂದು ಭಾವ ಮೇಲಿನವರಿಗೆ ಹೇಳಿದ್ದಕ್ಕೆ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ಆ ಬೆಳಿಗ್ಗೆ ಅವನು ರಿಪೇರಿಯವರ ಜೊತೆ ಆಚೆ ದಡದಲ್ಲಿದ್ದ, ಅದಕ್ಕೆ ಬೇಕಾದಷ್ಟು ಸಾಕ್ಷಿಗಳಿದ್ದರು. ಆದರೆ ಮೇಷ್ಟ್ರು ಕೋಟನ್ನು ಕಂಡ ಹೊತ್ತಿಗೆ ಅವನು ಗೋಪುರಕ್ಕೆ ಬಂದಾಗಿತ್ತು, ಒಬ್ಬನೇ. ಅವನ ಕುತ್ತಿಗೆಗೆ ಹಗ್ಗ ಬಿದ್ದದ್ದು, ಆ ಹೊತ್ತಿನವರೆಗೂ ಭಾವ ಬದುಕಿದ್ದರು ಎನ್ನುವ ಮೇಷ್ಟ್ರ ಆ ಒಂದು ಮಾತಿನಿಂದ.

ಮೇಷ್ಟ್ರು ಕಂಡದ್ದು ಭಾವನನ್ನಲ್ಲ ಎಂದಾದರೆ ಆ ಹಗ್ಗ ಬಿಚ್ಚಿಕೊಳ್ಳುತ್ತದೆ.

ಭಾವನ ಕೋಟು ತೊಟ್ಟು, ಭಾವ ಇನ್ನೂ ಬದುಕಿದ್ದಾರೆ ಎಂದು ಲೋಕಕ್ಕೆ ತೋರಿಸಿಕೊಂಡು ಹೋದವರು ಯಾರೋ ಇದ್ದಾರೆ. ಆ ಯಾರೋ ಒಂದೇ ಒಂದು ತಪ್ಪು ಮಾಡಿದ್ದಾರೆ. ಸೈಕಲ್ ಹತ್ತಿದರೂ ಕಾಲು ತನ್ನ ಹಳೆಯ ದಾರಿ ಬಿಡಲಿಲ್ಲ. ಅವರು ನಡೆಯುವವರು. ದಿನಾ ಇಲ್ಲಿ ನಡೆಯುವವರು.

"ಮೇಷ್ಟ್ರೇ, ಇನ್ನೊಂದೇ ಮಾತು. ಆ ದಿನವೂ ಈ ಏರಿನಲ್ಲಿ ಇಳಿದ್ರಾ?"

"ಇಳಿದ್ರು. ಇವತ್ತಿನ ಹಾಗೇ."

"ಯಾವ ಕಡೆಗೆ?"

ಮೇಷ್ಟ್ರು ಕಣ್ಣು ಮುಚ್ಚಿ ಗಾಳಿಯಲ್ಲಿ ಬೆರಳಾಡಿಸಿದರು, ಚಿತ್ರ ಬರೆಯುವವರ ಹಾಗೆ. "ನೀರಿನ ಕಡೆಗೆ. ಅಂದ್ರೆ ಬಲಗಡೆಗೆ. ವಿಚಿತ್ರ ಅಲ್ವಾ? ಎಲ್ಲರೂ ಎಡಕ್ಕೆ ಇಳೀತಾರೆ."

ಇಳಿಯದೆ ಉಳಿದಿದ್ದ ಅರ್ಧ ಹೆದರಿಕೆ ಯಾಕೆಂದು ಜಿಗಣೆಗೆ ಈಗ ಗೊತ್ತಾಗಿತ್ತು.

*

ಫೋನು ಗುರುಗುಟ್ಟಿತು. ಠಾಣೆಯ ಇನ್‌ಸ್ಪೆಕ್ಟರ್ ಬಾಯಿತುಂಬ ತಿಂಡಿ ಇಟ್ಟುಕೊಂಡೇ ಮಾತಾಡಿದ.

"ಏನ್ ಮೇಡಂ, ದೆವ್ವ ಹಿಡಿದ್ರಾ, ದೆವ್ವಾನೇ ನಿಮ್ಮನ್ನ ಹಿಡೀತಾ?"

"ಗೇಟಿನವನನ್ನ ಬಿಟ್ಟುಬಿಡಿ ಸರ್. ಅವನಲ್ಲ."

"ಮತ್ತ್ಯಾರು?"

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು.

"ಹೆಸರು ಕೊಡಿ, ಬಿಡ್ತೀನಿ. ಇಲ್ಲಾಂದ್ರೆ ಮಧ್ಯಾಹ್ನ ಕೋರ್ಟಿಗೆ ಹಾಜರು. ಅವನ ಹೆಂಡತಿ ಬೇರೆ ನನ್ನ ಬಾಗಿಲಲ್ಲೇ ಕೂತಿದ್ದಾಳೆ. ನಾನು ಯಾರ ಮುಖ ನೋಡ್ಲಿ ಹೇಳಿ."

"ಮಧ್ಯಾಹ್ನದೊಳಗೆ ಹೇಳ್ತೀನಿ."

ಫೋನಿಟ್ಟು ನಡೆಯತೊಡಗಿದಳು. ಅಕ್ಕನ ಮನೆ ಇದೇ ಸುತ್ತುರಸ್ತೆಯ ಮೇಲೆ, ಗೋಪುರ ದಾಟಿದ ಮೇಲೆ. ನೀರನ್ನು ಬಲಗಡೆ ಇಟ್ಟುಕೊಂಡು ನಡೆದಳು. ಬೂಟು ಸದ್ದು ಮಾಡಿದಾಗಲೆಲ್ಲ ಹಿಂದೆ ಯಾರೋ ಬಂದ ಹಾಗಾಗಿ ತಿರುಗಿ ನೋಡುತ್ತಿದ್ದಳು. ಮಂಜಿನಲ್ಲಿ ನೀರು ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಎಲ್ಲೋ ನಡುವೆ ಒಂದು ನೀರುಹಕ್ಕಿ ಒಂದೇ ಸಮನೆ ಕೂಗುತ್ತಿತ್ತು.

ಎಲ್ಲರೂ ಸೈಕಲ್ಲಿನಿಂದ ಎಡಕ್ಕೆ ಇಳಿಯುತ್ತಾರೆ. ಜಿಗಣೆ ಇಳಿಯುವುದಿಲ್ಲ. ಅವಳು ಎಡಚಿ. ಚಿಕ್ಕವಳಿದ್ದಾಗ ಯಾರೂ ಕಲಿಸದೆ, ಅಪ್ಪನ ಸೈಕಲ್ಲನ್ನು ಗೋಡೆಗೆ ಒರಗಿಸಿಕೊಂಡು ತಾನೇ ಬಿದ್ದೆದ್ದು ಕಲಿತದ್ದು. ಹತ್ತುವುದೂ ಬಲಗಡೆಯಿಂದ, ಇಳಿಯುವುದೂ ಬಲಗಡೆಗೆ. ಚೈನು ಇರುವುದು ಆ ಬದಿಗೇ. ಹಾಗಾಗಿ ತಳ್ಳಿಕೊಂಡು ನಡೆದರೆ ಗ್ರೀಸು ಎಡಗಾಲಿನ ಬಟ್ಟೆಗೆ ಹತ್ತುತ್ತದೆ. 'ಲೋಕವೆಲ್ಲ ಒಂದು ದಾರಿ, ಈ ಎಡವಟ್ಟಿಗೊಂದು ದಾರಿ' ಎಂದು ಅಮ್ಮ ಬೈಯುತ್ತ ಆ ಕಲೆ ಉಜ್ಜುತ್ತಿದ್ದಳು.

ಅವಳು ಜೀವನದಲ್ಲಿ ಒಬ್ಬರಿಗೆ ಮಾತ್ರ ಸೈಕಲ್ ಕಲಿಸಿದ್ದಳು.

ಅಕ್ಕ ಆಗಲೇ ದೊಡ್ಡವಳು. ತಂಗಿ ಹಾರಿಕೊಂಡು ಹೋಗುವುದನ್ನು ನೋಡಿ ಆಸೆ, ಜನ ನಕ್ಕಾರು ಎಂದು ನಾಚಿಕೆ. ಶಾಲೆಯ ಮೈದಾನದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಜಿಗಣೆ ಸೀಟು ಹಿಡಿದು ಹಿಂದೆ ಹಿಂದೆ ಓಡಿದ್ದಳು. ತನಗೆ ಬಂದ ಹಾಗೆಯೇ ಕಲಿಸಿದಳು, ಬಲಗಡೆಯಿಂದ. ಅಕ್ಕ ಬಿದ್ದು ಗಲ್ಲಕ್ಕೆ ಹೊಲಿಗೆ ಬಿತ್ತು. ಇನ್ನು ಸಾಯೋವರೆಗೂ ಸೈಕಲ್ ಮುಟ್ಟಲ್ಲ ಎಂದು ಆಣೆ ಮಾಡಿದಳು. ಮುಟ್ಟಿದ್ದನ್ನು ಆಮೇಲೆ ಯಾರೂ ನೋಡಿಲ್ಲ.

ಈ ಜಲಾಶಯದ ಸುತ್ತ ಅಕ್ಕ ದಿನಾ ನಡೆಯುತ್ತಿದ್ದಳು. ಭಾವ ಆ ಕಡೆಯಿಂದ ಸೈಕಲ್ಲಿನಲ್ಲಿ, ಅಕ್ಕ ಈ ಕಡೆಯಿಂದ ಕಾಲ್ನಡಿಗೆಯಲ್ಲಿ. ದೂರದ ತಿರುವಿನಲ್ಲಿ ಎದುರಾದಾಗ ಅವರು ಬೆಲ್ಲು ಹೊಡೆಯುವರು, ಇವಳು ಕೈ ಎತ್ತುವಳು. 'ನಮ್ಮದು ಎದುರುಬದುರು ಸಂಸಾರ ಕಣೆ' ಎಂದು ಅಕ್ಕ ನಗುತ್ತಿದ್ದಳು. ಆ ಬೆಲ್ಲಿಗೆ ಬಿರುಕು ಬಿಟ್ಟಿತ್ತು. ಮೊದಲು ಠಕ್ ಅನ್ನುವುದು, ಆಮೇಲೆ ಎಲ್ಲೋ ನೆನಪಾದ ಹಾಗೆ ಟ್ರಿಣ್ ಅನ್ನುವುದು. ಬದಲಾಯಿಸಿ ಎಂದರೆ ಭಾವ ಕೇಳುತ್ತಿರಲಿಲ್ಲ.

ದೀಪದ ಬುಡದಲ್ಲೇ ಕತ್ತಲೆ ಎಂದು ಕಂಡವರ ಕೇಸಿನಲ್ಲಿ ಅವಳು ಎಷ್ಟು ಸಲ ಹೇಳಿರಲಿಲ್ಲ. ಈಗ ಆ ದೀಪ ತನ್ನ ಮನೆಯದು. ಅಮ್ಮ ಕೆಲಸಕ್ಕೆ ಹೋದಾಗ ತಲೆ ಬಾಚಿದವಳು, ಜ್ವರ ಬಂದಾಗ ರಾತ್ರಿಯಿಡೀ ಕೂತವಳು, ಪೊಲೀಸ್ ಕೆಲಸ ಸಿಕ್ಕಾಗ ಮೊದಲ ಯೂನಿಫಾರ್ಮಿನ ತೋಳು ಬಿಚ್ಚಿ ಅಳತೆಗೆ ಸರಿಯಾಗಿ ಮತ್ತೆ ಹೊಲಿದುಕೊಟ್ಟವಳು ಅಕ್ಕ. ಅವಳ ಹೆಸರನ್ನು ಇನ್‌ಸ್ಪೆಕ್ಟರಿಗೆ ಹೇಳಬೇಕು. ಹೇಳದಿದ್ದರೆ ಬಾಗಿಲಲ್ಲಿ ಕೂತ ಆ ಹೆಂಗಸಿನ ಗಂಡ ಹೋಗುತ್ತಾನೆ. ಬಿಸಿ ತುಪ್ಪ ಬಾಯಿಗೆ ಬಿದ್ದಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

*

ಹೊಲಿಗೆ ಮೆಷಿನ್ನಿನ ಸದ್ದು ರಸ್ತೆಗೇ ಕೇಳುತ್ತಿತ್ತು.

ಅಕ್ಕನ ಕಸುಬು ಟಾರ್ಪಾಲು, ಡೇರೆ, ಮಳೆಕೋಟು ಹೊಲಿಯುವುದು. ಮುಂದಿನ ಕೋಣೆ ಪೂರ್ತಿ ದಪ್ಪ ಬಟ್ಟೆಯ ಸುರುಳಿಗಳು, ಮೇಣದ ವಾಸನೆ. ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ನೀರು.

"ಇದೇನೇ ಮಂಡಿ? ಬಿದ್ದ್ಯಾ? ಕೂತ್ಕೋ, ಅರಿಶಿನ ತರ್ತೀನಿ."

"ಬೇಡ ಕಣಕ್ಕ."

"ಬೇಡ ಅಂತೆ. ನಿನ್ನ ಬೇಡ ಕೇಳ್ಕೊಂಡು ಕೂತಿದ್ರೆ ನೀನು ಇಷ್ಟು ದೊಡ್ಡವಳಾಗ್ತಿದ್ದೆ ಅಂದ್ಕೊಂಡ್ಯಾ."

ಅಕ್ಕ ಒಳಗೆ ಹೋದಳು. ಜಿಗಣೆ ಗೋಡೆ ನೋಡುತ್ತ ಕೂತಳು. ಮದುವೆಯ ಫೋಟೋ ಅಲ್ಲೇ ಇತ್ತು. ಅಕ್ಕ, ಭಾವ ಒಂದೇ ಎತ್ತರ. ಫೋಟೋದವನು ಭಾವನ ಕಾಲಡಿಗೆ ಇಟ್ಟಿಗೆ ಕೊಟ್ಟಿದ್ದ, ಅದರ ತುದಿ ಫೋಟೋದಲ್ಲಿ ಕಂಡೂಬಿಟ್ಟಿದೆ. ಆ ಇಟ್ಟಿಗೆಯ ಬಗ್ಗೆ ಈ ಮನೆಯಲ್ಲಿ ಎಷ್ಟು ನಕ್ಕಿದ್ದರೋ. ಕೋಟು ತೊಟ್ಟು, ಟೋಪಿ ಎಳೆದುಕೊಂಡು, ಸೈಕಲ್ಲಿನ ಮೇಲೆ ಕೂತರೆ ಇಬ್ಬರಲ್ಲಿ ಯಾರೆಂದು ಹೇಳುವುದು ಕಷ್ಟ.

ಹಿಂಬಾಗಿಲಿನಾಚೆ ಹಗ್ಗದ ಮೇಲೆ ಅಕ್ಕ ನಡಿಗೆಗೆ ಹಾಕುವ ಪ್ಯಾಂಟು ಒಣಗುತ್ತಿತ್ತು. ಎಡಗಾಲಿನ ಅಂಚಿನಲ್ಲಿ ಕರೀ ಕಲೆ. ಉಜ್ಜಿದರೂ ಹೋಗಿರಲಿಲ್ಲ.

ಜಿಗಣೆ ಎದ್ದು ಹಿತ್ತಲಿಗೆ ಹೋದಳು. ಸೌದೆ ಕೊಟ್ಟಿಗೆಯ ಬಾಗಿಲು ತೆಗೆದಳು. ಟಾರ್ಪಾಲಿನಡಿ ಹಳೆಯ ಸೈಕಲ್ಲೊಂದು ಇತ್ತು, ಟೈರಿಗೆ ಹಸಿ ಮಣ್ಣು. ಭಾವನ ಸೈಕಲ್ಲಲ್ಲ ಅದು. ಭಾವನದನ್ನು ಮುಳುಗುಗಾರರು ಎಷ್ಟು ಹುಡುಕಿದರೂ ನೀರಿನಲ್ಲಿ ಸಿಕ್ಕಿರಲಿಲ್ಲ. ಇದು ಗುಜರಿಯಿಂದ ತಂದು ರಿಪೇರಿ ಮಾಡಿದ್ದು. ಬೆಲ್ಲಿರಲಿಲ್ಲ. ಪಕ್ಕದ ಮೊಳೆಯಲ್ಲಿ ಮಳೆಕೋಟು ತೂಗುತ್ತಿತ್ತು, ಅದರ ಅಂಚಿನಿಂದ ಇನ್ನೂ ಹನಿ ಬೀಳುತ್ತಿತ್ತು.

ಕಿತ್ತಳೆಯಲ್ಲ. ಕೆಂಪು ಒಂದು ತೊಟ್ಟು ಜಾಸ್ತಿ.

ಅದನ್ನು ತೆಗೆದುಕೊಂಡು ಒಳಗೆ ಬಂದು ಅಡಿಗೆಮನೆಯ ಬಾಗಿಲ ಹಿಂದಿನ ಮೊಳೆಗೆ ಹಾಕಿದಳು. ಅಕ್ಕ ಒಲೆಯ ಮುಂದೆ ಟೀಗೆ ಇಟ್ಟಿದ್ದಳು. ತಿರುಗಿ ನೋಡಿದಳು. ಕೋಟನ್ನು ನೋಡಿದಳು. ಒಲೆಯ ಉರಿ ಸಣ್ಣ ಮಾಡಿದಳು.

"ಅದನ್ನ ಹೊರಗೆ ಹಾಕು. ನೆಲ ಒದ್ದೆಯಾಗುತ್ತೆ."

"ಯಾವಾಗಿಂದ ಸೈಕಲ್ ಹೊಡೀತಿದ್ದೀಯಕ್ಕ?"

"ನನಗೆ ಬರಲ್ಲ ಅಂತ ನಿನಗೆ ಗೊತ್ತಲ್ಲ."

"ಇವತ್ತು ಏರಿನಲ್ಲಿ ಬಲಗಡೆಗೆ ಇಳಿದೆ. ನಾನು ಬಂಡೆ ಹಿಂದೆ ಇದ್ದೆ."

ಅಕ್ಕ ಎರಡು ಲೋಟ ತೆಗೆದಿಟ್ಟಳು. ಅಂಚಿಗೆ ಅಂಚು ಸರಿಯಾಗಿ ಜೋಡಿಸಿದಳು. ಅದೇ ಜಿಗಣೆಗೆ ಭಯ ಹುಟ್ಟಿಸಿತು.

"ನೀನೇ ಅಲ್ವಾ ಕಲಿಸಿದ್ದು" ಎಂದಳು ಅಕ್ಕ ಕೊನೆಗೆ. "ಎಡವಟ್ಟು ಗುರು, ಎಡವಟ್ಟು ಶಿಷ್ಯೆ."

"ತಮಾಷೆ ಬೇಡ."

"ತಮಾಷೆ ಅಲ್ಲ ಕಣೆ. ಆ ಕೋಟು ಹಾಕ್ಕೊಂಡ್ರೆ ಅವರು ಇರೋ ಹಾಗಿರುತ್ತೆ. ದೂರದ ತಿರುವಿಗೆ ಹೋದಾಗ, ಎದುರಿಗೆ ಯಾರೂ ಬರಲ್ಲ ಅಂತ ಗೊತ್ತಿದ್ರೂ, ಕೈ ತಾನಾಗೇ ಮೇಲೆ ಹೋಗುತ್ತೆ. ಜನ ದೆವ್ವ ಅಂದ್ರು. ಅಂದ್ಕೊಳ್ಳಲಿ. ದೆವ್ವ ಅಂದ್ರೂ ಅವರ ಸುದ್ದಿ ಮಾತಾಡ್ತಾ ಇದ್ದಾರಲ್ಲ ಅಂತ ನನಗೆ ಸಮಾಧಾನ."

ಇಷ್ಟಕ್ಕೇ ಮುಗಿಯಲಿ ಎಂದು ಜಿಗಣೆ ಮನಸ್ಸಿನಲ್ಲೇ ಬೇಡಿಕೊಂಡಳು. ಗಂಡನನ್ನು ಕಳೆದುಕೊಂಡವಳ ಹುಚ್ಚು ಎಂದಷ್ಟೇ ಆಗಿದ್ದರೆ ಅಕ್ಕನನ್ನು ತಬ್ಬಿಕೊಂಡು ಅತ್ತು ಬಿಡಬಹುದಿತ್ತು. ಆದರೆ ಕಚ್ಚಿದ್ದನ್ನು ಬಿಡುವ ಗುಣ ಅವಳಿಗೆ ದೇವರು ಕೊಟ್ಟಿರಲಿಲ್ಲ.

"ಭಾವ ಆ ದಿನ ಕೋಟು ಹಾಕ್ಕೊಂಡೇ ಹೋಗಿದ್ರು ಅಂತ ನೀನೇ ಹೇಳಿದ್ದೆ. ಹೆಣದ ಮೇಲೆ ಕೋಟು ಇರಲಿಲ್ಲ. ಹಾಗಾದ್ರೆ ಇದು ಎಲ್ಲಿಂದ ಬಂತು?"

"ಒಂದೇ ಬಟ್ಟೆಯ ತಾನಿನಲ್ಲಿ ಎರಡು ಹೊಲಿದಿದ್ದೆ. ಅವರಿಗೊಂದು, ನನಗೊಂದು."

"ಯಾವಾಗ?"

"ಅವರು ಹೋಗೋಕ್ಕೆ ಮುಂಚೆ."

"ಅಂದ್ರೆ ಆ ದಿನ ನಿನ್ನ ಹತ್ರ ಇತ್ತು."

ಟೀ ಉಕ್ಕಿ ಒಲೆಗೆ ಚೆಲ್ಲಿತು. ಅಕ್ಕ ಬಟ್ಟೆ ಹಿಡಿದು ಪಾತ್ರೆ ಇಳಿಸಿದಳು. ಒಲೆ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ಅಕ್ಕ, ಗೇಟಿನವನು ಒಳಗಿದ್ದಾನೆ. ಮಧ್ಯಾಹ್ನ ಕೋರ್ಟಿಗೆ ಕರ್ಕೊಂಡು ಹೋಗ್ತಾರೆ. ಅವನ ಹೆಂಡತಿ ಠಾಣೆ ಬಾಗಿಲಲ್ಲಿ ಕೂತಿದ್ದಾಳೆ. ನೀನು ನನ್ನನ್ನ ನೋಡಿ ಹೇಳು. ಆ ದಿನ ಮೇಷ್ಟ್ರನ್ನ ಹಿಂದಿನಿಂದ ದಾಟಿಕೊಂಡು ಹೋದವರು ಯಾರು?"

ಅಕ್ಕ ತಂಗಿಯನ್ನು ನೋಡಿದಳು. ಗಲ್ಲದ ಆ ಹಳೆಯ ಕಲೆ ಬೆಳಕಿಗೆ ಬಿಳಿಯಾಗಿ ಕಂಡಿತು.

"ನಾನೇ."

"ಯಾಕೆ?"

"ಅವರು ಅಲ್ಲಿದ್ದಾರೆ ಅಂತ ಯಾರಾದ್ರೂ ನೋಡಬೇಕಾಗಿತ್ತು."

"ಭಾವ ಆಗ ಎಲ್ಲಿದ್ರು?"

ಅಕ್ಕ ಲೋಟಗಳನ್ನು ಒಲೆಯ ಹತ್ತಿರಕ್ಕೆ ಸರಿಸಿದಳು. ಜಿಗಣೆ ಮೇಜಿನ ಅಂಚು ಹಿಡಿದುಕೊಂಡಳು. ಹೆಣದ ಅಂಗಿಯ ಅಂಚು ತೋರಿಸಿ 'ಇದು ನನ್ನ ಕೈಹೊಲಿಗೆ, ಇವರು ಅವರೇ' ಎಂದು ಅಕ್ಕ ಹೇಳಿದ್ದು ನೆನಪಾಯಿತು. ವಾರದ ಮೇಲೆ ನೀರಿನಲ್ಲಿದ್ದ ಹೆಣ, ಮುಖದ ಗುರುತು ಉಳಿದಿರಲಿಲ್ಲ. ಅಕ್ಕ ಹೇಳಿದಳು ಎಂದು ಎಲ್ಲರೂ ನಂಬಿದ್ದರು. ಜಿಗಣೆಯಂಥ ಜಿಗಣೆಯೂ ಎರಡನೇ ಮಾತು ಕೇಳದೆ ನಂಬಿದ್ದಳು, ಯಾಕೆಂದರೆ ಹೇಳಿದವಳು ಅಕ್ಕ.

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಭಾವನ್ನ ಏನು ಮಾಡಿದೆ?"

ಆಗ ಹೊರಗೆ, ರಸ್ತೆಯಲ್ಲಿ, ಸದ್ದಾಯಿತು.

ಠಕ್.

ಆಮೇಲೆ, ನೆನಪಾದ ಹಾಗೆ, ಟ್ರಿಣ್.

ಜಿಗಣೆ ರಸ್ತೆ ಕಡೆಯ ಕಿಟಕಿಗೆ ಓಡಿದಳು. ಮಂಜಿನಲ್ಲಿ ಎಡಗಡೆಯಿಂದ ಬಲಗಡೆಗೆ ಒಂದು ಸೈಕಲ್ಲು ಬರುತ್ತಿತ್ತು. ಸವಾರನಿಗೆ ನೀರು ಎಡಗಡೆ ಇತ್ತು. ಹಿಂದಿನ ಪೆಟ್ಟಿಗೆಯಲ್ಲಿ ಬಾಟಲಿಗಳು ಕಿಣಿಕಿಣಿ ಅನ್ನುತ್ತಿದ್ದವು. ಮೈಮೇಲೆ ಮಳೆಕೋಟು. ಕೆಂಪು ಒಂದು ತೊಟ್ಟು ಜಾಸ್ತಿ ಬಿದ್ದ ಕಿತ್ತಳೆ.

ಅದರ ಜೋಡಿ ಬಾಗಿಲ ಹಿಂದಿನ ಮೊಳೆಯಲ್ಲಿ ನೆಲಕ್ಕೆ ಹನಿ ಹಾಕುತ್ತ ತೂಗುತ್ತಿತ್ತು.

ಸೈಕಲ್ಲು ಮನೆಯ ಎದುರು ನಿಧಾನವಾಯಿತು. ಸವಾರ ಎಲ್ಲರ ಹಾಗೆ ಎಡಕ್ಕೆ ಇಳಿದ. ಮನೆಯ ಕಡೆ ಮುಖ ಮಾಡಿ ನಿಂತ. ಹಾಗಾದರೆ ಅಕ್ಕ ಗುರುತಿಸಿ ಮಣ್ಣು ಮಾಡಿಸಿದ ಆ ಹೆಣ ಯಾರದು?

ಹಿಂದೆ ಲೋಟದ ಸದ್ದಾಯಿತು. ಜಿಗಣೆ ತಿರುಗಿ ನೋಡಿದಳು. ಅಕ್ಕ ಕಿಟಕಿಯ ಕಡೆ ನೋಡಿರಲೂ ಇಲ್ಲ. ಬೀರುವಿನಿಂದ ಮೂರನೆಯ ಲೋಟ ತೆಗೆದು, ಸೆರಗಿನಿಂದ ಒರೆಸಿ, ಉಳಿದೆರಡರ ಪಕ್ಕದಲ್ಲಿ ಇಡುತ್ತಿದ್ದಳು.

"ತಂಗಿ ಬಂದಿದ್ದಾಳೆ, ಇವತ್ತು ಬರಬೇಡಿ ಅಂತ ಹೇಳಿದ್ದೆ" ಎಂದಳು.